ಗಿರಿಜಾಂಬಾ ಮೇಡಂ ಬರೆದ ಹೊಸ ನಕ್ಷೆ

ಬಸವನಗುಡಿಯ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಗಿರಿಜಾಂಬಾ ಮೇಡಂ ಮೂರನೆಯ ತರಗತಿಗೆ ಪಾಠ ಹೇಳಲು ತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಹದಿನಾರನೇ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಅಣ್ಣ ಮಲ್ಲಿಕಾರ್ಜುನಯ್ಯ ನೆಂಟರ ಮಾತಿಗೆ ಸೊಪ್ಪುಹಾಕದೆ ತಂಗಿಯನ್ನು ಓದಿಸಿ, ಟ್ರೈನಿಂಗ್ ಮಾಡಿಸಿದ್ದ. ಅಂದಿನಿಂದ ಚಾಮರಾಜಪೇಟೆಯ ಅಣ್ಣನ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ನಡೆದದ್ದೇ ಅವರ ಪ್ರಯಾಣ. ಉತ್ತರಕ್ಕೆ ತುಮಕೂರು, ದಕ್ಷಿಣಕ್ಕೆ ನಂಜನಗೂಡು, ಅದರಾಚೆ ಕಾಲಿಟ್ಟವರಲ್ಲ. ಆದರೆ ಮೈಸೂರು ಸಂಸ್ಥಾನದ ನಕ್ಷೆಯನ್ನು ಮಕ್ಕಳ ಕಡೆ ಮುಖ ಮಾಡಿಕೊಂಡೇ ಕಪ್ಪುಹಲಗೆಯ ಮೇಲೆ ಬರೆಯಬಲ್ಲವರಾಗಿದ್ದರು.

ಐವತ್ತಾರರ ನವೆಂಬರಿನಲ್ಲಿ ಆ ನಕ್ಷೆ ಕೆಲಸಕ್ಕೆ ಬಾರದಂತಾಯಿತು. ಕನ್ನಡ ಪ್ರದೇಶಗಳೆಲ್ಲ ಒಂದೇ ರಾಜ್ಯವಾಗಿ ಹತ್ತು ಜಿಲ್ಲೆ ಹತ್ತೊಂಬತ್ತಾದವು. ಹೊಸ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ, ಗೋಡೆಗೆ ತೂಗುಹಾಕುವ ನಕ್ಷೆಯೂ ಬಂದಿರಲಿಲ್ಲ.

"ಬರೋವರ್ಗೂ ಹಳೇದನ್ನೇ ಹೇಳ್ಕೊಡಿ," ಎಂದರು ಹೆಡ್‌ಮಿಸ್ಟ್ರೆಸ್ ಶೈಲಜಮ್ಮ.

"ಸುಳ್ಳು ಅಂತ ಗೊತ್ತಿದ್ದೂ ಹೇಗೆ ಹೇಳ್ಕೊಡ್ಲಿ?" ಎಂದರು ಗಿರಿಜಾಂಬಾ. ಅಣ್ಣ ತೆಗೆದಿಟ್ಟಿದ್ದ ಪತ್ರಿಕೆಯ ನಕ್ಷೆಯನ್ನು ನೋಡಿ, ಹೊಸ ಜಿಲ್ಲೆಗಳ ಹೆಸರನ್ನು ತಾವೇ ಮಗ್ಗಿಯಂತೆ ಉರುಹೊಡೆದು, ಆ ಟರ್ಮಿನ ಪಾಠ ಶುರುಮಾಡಿದರು.

ಅದೇ ತಿಂಗಳು ತರಗತಿಗೆ ಮಹಾನಂದ ಎಂಬ ಹುಡುಗಿ ಸೇರಿದಳು. ಅವಳ ತಂದೆ ಸರ್ಕಾರಿ ಗುಮಾಸ್ತರು. ಬಿಜಾಪುರದಿಂದ ಬೆಂಗಳೂರಿಗೆ ವರ್ಗವಾಗಿ ಬಂದಿದ್ದರು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಮರುದಿನ ಮೇಡಂ, "ಪರಿಷೇಲಿ ಏನೇನು ಕೊಂಡ್ರಿ?" ಎಂದು ಮಕ್ಕಳನ್ನು ಕೇಳಿದರು.

"ಶೇಂಗಾ ತಗೊಂಡ್ವಿರೀ ಅಕ್ಕೋರ," ಎಂದಳು ಮಹಾನಂದ.

ಇಡೀ ತರಗತಿ ಗೊಳ್ಳೆಂದಿತು. ಗಿರಿಜಾಂಬಾ ನಗಲಿಲ್ಲ. ಆದರೆ, "ಶೇಂಗಾ ಅಲ್ಲಮ್ಮ, ಕಡಲೆಕಾಯಿ ಅನ್ಬೇಕು. ಸರಿಯಾದ ಕನ್ನಡ ಕಲೀಬೇಕು. ಸ್ಲೇಟಿನ ಮೇಲೆ ಹತ್ತು ಸಲ ಬರಿ," ಎಂದರು. ಹುಡುಗಿ ದುಂಡಗೆ ಹತ್ತು ಸಲ ಬರೆದು ತೋರಿಸಿದಳು. ಅಲ್ಲಿಂದಾಚೆಗೆ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೇ. ಸಂಕೋಚದ ಮಗು ಇರಬೇಕು ಎಂದುಕೊಂಡು ಮೇಡಂ ಸುಮ್ಮನಾದರು.

ಡಿಸೆಂಬರಿನ ಒಂದು ಬೆಳಿಗ್ಗೆ ಮಕ್ಕಳನ್ನು ಅಂಗಳಕ್ಕೆ ಕರೆತಂದು, ನೆಲಕ್ಕೆ ನೀರು ಚಿಮುಕಿಸಿ, ರಂಗೋಲಿಪುಡಿಯಿಂದ ನಕ್ಷೆ ಬಿಡಿಸಿದರು. ನೀಲಿ ಪುಡಿಯಲ್ಲಿ ಕೃಷ್ಣೆ ಹರಿದಳು. ಪತ್ರಿಕೆಯ ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿದ್ದರಿಂದ ಅಂದಾಜಿನ ಮೇಲೆ ನದಿಯ ಕೆಳಗೆ ಒಂದು ಚುಕ್ಕೆ ಇಟ್ಟು, "ಇದು ಬಿಜಾಪುರ ಪಟ್ಟಣ," ಎಂದರು.

ಮಹಾನಂದ ಎದ್ದು ಬಂದಳು. ಆ ಚುಕ್ಕೆಯನ್ನು ಅಂಗೈಯಿಂದ ಒರಸಿ, ನದಿಯ ಮೇಲುಗಡೆ ಒಂದು ಚಿಟಿಕೆ ಪುಡಿ ಇಟ್ಟಳು.

"ಯಾಕೆ ಅಳಿಸ್ದೆ?"

ಹುಡುಗಿ ತಲೆ ತಗ್ಗಿಸಿದಳು.

"ಬಾಯ್ಬಿಟ್ಟು ಹೇಳಮ್ಮ."

"ನನಗ ಸರೀ ಕನ್ನಡ ಬರೂದಿಲ್ರೀ," ಎಂದಳು.

ಮೂರು ವಾರದ ಆ ಮೌನ ತಮ್ಮದೇ ಕೊಡುಗೆ ಎಂದು ಗಿರಿಜಾಂಬಾ ಅವರಿಗೆ ಆಗ ಹೊಳೆಯಿತು. ನಲವತ್ತು ಮಕ್ಕಳೆದುರಿಗೆ, ವಯಸ್ಸು, ಪದವಿ ಎಲ್ಲ ಮರೆತು ಒದ್ದೆ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತು ಹುಡುಗಿಯ ಕೈ ಹಿಡಿದುಕೊಂಡರು.

"ತಪ್ಪು ನಂದು ಕಣಮ್ಮ. ನೀನಾಡೋದೂ ಸರಿಯಾದ ಕನ್ನಡಾನೇ. ನಂಗದು ಗೊತ್ತಿರ್ಲಿಲ್ಲ. ಈ ನದೀನ ನೀನು ಕಣ್ಣಾರೆ ನೋಡಿದೀಯಾ?"

"ಹೌದ್ರೀ. ರೈಲು ಸೇತುವಿ ಮ್ಯಾಲೆ ಹೊಂಟಿತ್ತು. ಒಂದು, ಎರಡು ಅಂತ ನಾ ಎಣಸಾಕ ಹತ್ತಿದ್ದೆ. ನೂರಾದರೂ ಹೊಳಿ ಮುಗೀಲಿಲ್ರೀ!"

ಈ ಸಲ ಯಾರೂ ನಗಲಿಲ್ಲ. ಕೋಕಿಲಾ ಎಂಬ ಹುಡುಗಿ, "ನಮ್ಮ ಕೆಂಪಾಂಬುಧಿ ಕೆರೆಗಿಂತ ದೊಡ್ಡದಾ?" ಎಂದು ಕಣ್ಣರಳಿಸಿದಳು. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.

ಅಲ್ಲಿಂದ ಮುಂದೆ ಪಾಠದ ದಾರಿಯೇ ಬದಲಾಯಿತು. ಹೊಸ ಜಿಲ್ಲೆಗಳಿಂದ ಬಂದವರನ್ನು ಮಕ್ಕಳೇ ಹುಡುಕಿದರು. ಪಕ್ಕದ ಮನೆಯ ಮಡಿಕೇರಿ ಅಜ್ಜಿ, ಹೋಟೆಲಿನ ಉಡುಪಿ ಭಟ್ಟರು, ರಾಯಚೂರಿನ ಪೋಸ್ಟ್‌ಮನ್ ಇವರನ್ನೆಲ್ಲ ಮಾತಾಡಿಸಿ ಬಂದು ಹೇಳತೊಡಗಿದರು. ಶೈಲಜಮ್ಮ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೇಳಿ ಹೋದರು. ಮರುದಿನ ತಮ್ಮ ತರಗತಿಯ ಮಕ್ಕಳನ್ನೂ ಕಳಿಸಿದರು.

ಜನವರಿಯಲ್ಲಿ ಮಹಾನಂದಳ ತಾಯಿ ಸೆರಗನ್ನು ತಲೆಮೇಲೆ ಹೊದ್ದು ಶಾಲೆಗೆ ಬಂದರು. ವಠಾರದಲ್ಲಿ ಮಾತಾಡಿದರೆ ನಗುತ್ತಾರೆಂದು ಆಕೆಯೂ ಎರಡು ತಿಂಗಳಿಂದ ಒಳಗೇ ಇದ್ದವರಂತೆ.

"ನಮ್ಮ ಕೂಸು ಈಗ ಮನ್ಯಾಗ ಬಾಯಿ ಮುಚ್ಚೂದಿಲ್ರೀ. ಒಂದಿನ ನೀವು ನಮ್ಮ ಮನಿಗೆ ಊಟಕ್ಕ ಬರ್ರಿ."

ಶಿಷ್ಯರ ಮನೆಯಲ್ಲಿ ಗಿರಿಜಾಂಬಾ ಎಂದೂ ಉಂಡವರಲ್ಲ. ಅದೊಂದು ಕಟ್ಟುಪಾಡನ್ನು ಅಷ್ಟು ವರ್ಷವೂ ಪಾಲಿಸಿದ್ದರು. ಅಂದು ಮಾತ್ರ, "ಬರ್ತೀನಿ, ಭಾನುವಾರ ಬರ್ತೀನಿ," ಎಂದುಬಿಟ್ಟರು.

ಭಾನುವಾರ ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಂತು. ಮೇಡಂ ರೊಟ್ಟಿ ಮುರಿಯಲು ಪರದಾಡುತ್ತಿದ್ದುದನ್ನು ಕಂಡು ಮಹಾನಂದ ಹತ್ತಿರ ಸರಿದು ಕೂತಳು.

"ಹಂಗಲ್ರೀ ಅಕ್ಕೋರ, ನಾ ತೋರಸ್ತೀನಿ ನೋಡ್ರಿ."

"ತೋರ್ಸಮ್ಮ," ಎಂದು ಗಿರಿಜಾಂಬಾ ತಟ್ಟೆಯನ್ನು ಅವಳ ಕಡೆ ತಿರುಗಿಸಿದರು.