ಕೆನ್ನೆಗೆ ಹಚ್ಚುವ ಅರಿಷಿಣ

ಆ ದಿನ ಬೆಳಿಗ್ಗೆ ನಮ್ಮ ಓಣಿಗೆ ನೀರು ಬಿಡುವ ಸರದಿ. ನವಲಗುಂದದಲ್ಲಿ ನೀರು ಬರುವ ದಿನ ಉಳಿದ ಕೆಲಸಗಳೆಲ್ಲ ತಾವಾಗಿಯೇ ಹಿಂದೆ ನಿಲ್ಲುತ್ತವೆ. ಪೈಪನ್ನು ಬ್ಯಾರಲ್ಲಿಗೆ ಹಾಕಿ ಒಳಗೆ ಬಂದು ಒಂದು ರೊಟ್ಟಿ ತಟ್ಟುವುದು, ಮತ್ತೆ ಹೊರಗೆ ಹೋಗಿ ಪೈಪನ್ನು ಕೊಡಕ್ಕೆ ಬದಲಿಸುವುದು, ತಿರುಗಿ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕಪ್ಪಾಗಿರುವುದು. ಕಪ್ಪಾದವನ್ನು ನನ್ನ ಪಾಲಿಗೆಂದು ಕೆಳಗೆ ಸೇರಿಸಿದೆ. ಅತ್ತೆ ವಿಭೂತಿ ಹಚ್ಚಿಕೊಂಡು ಚಹಾಕ್ಕೆ ಕಾಯುತ್ತಿದ್ದರು. ನನ್ನ ಕೈಯಲ್ಲಿ ಹಿಟ್ಟು ಇರುವಾಗಲೇ ನಾದಿನಿ ಅಣ್ಣಿಗೇರಿ ಕಡೆಯ ಬಸ್ಸಿಗೆ ಬಂದಿಳಿದಳು. ಹೊಸ್ತಿಲು ದಾಟುವ ಮೊದಲೇ ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡಳು.

"ಹುಬ್ಬಳ್ಳಿಗೆ ಹೊಂಟೀವಬೇ, ಹಲ್ಲಿನ ಡಾಕ್ಟರ್ ಕಡೆ," ಎಂದಳು ತಾಯಿಗೆ.

"ಮತ್ತ ಹಲ್ಲೇನ? ಇರೂವು ನಾಕು. ಅವಕ್ಕ ಎಷ್ಟರ ಅಲೆದಾಡ್ತೀ," ಎಂದರು ಅತ್ತೆ, ನಾನು ತಂದಿಟ್ಟ ಚಹಾ ಆರಿಸಿಕೊಳ್ಳುತ್ತ.

ಹಲ್ಲಿನ ಮಾತು ಪೂರ್ತಿ ಸುಳ್ಳೇನಲ್ಲ. ಬಹಳ ವರ್ಷದ ಹಿಂದೆ ಅವಳ ದವಡೆಗೆ ಕೀವು ತುಂಬಿ, ಎಡಗಡೆಯ ಹಿಂದಿನ ಹಲ್ಲುಗಳನ್ನು ಕೀಳಿಸಬೇಕಾಯಿತು. ಆ ಮೇಲೆ ಆ ಬದಿಯ ಕೆನ್ನೆ ಮೆಲ್ಲಗೆ ಒಳಗೆ ಹೋಯಿತು. ಅಂದಿನಿಂದ ಅವಳು ಫೋಟೋಕ್ಕೆ ಬಲಗೆನ್ನೆ ಕೊಡುತ್ತಾಳೆ; ಬಸ್ಸಿನಲ್ಲಿ ಎಡಗೆನ್ನೆ ಕಿಟಕಿಯ ಕಡೆಗೆ ಬರುವಂಥ ಸೀಟನ್ನೇ ಹುಡುಕುತ್ತಾಳೆ. ಅದನ್ನು ನಾನು ನೋಡಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಮಗಳ ನಿಶ್ಚಯ ಹತ್ತಿರ ಬಂದಿತ್ತು. ಬೀಗರ ಮುಂದೆ ಕೂಡಬೇಕು, ವಿಡಿಯೋದವರು ಎಲ್ಲ ಕಡೆಯಿಂದಲೂ ಹಿಡಿಯುತ್ತಾರೆ. ಯಾರಿಗೂ ಹೇಳದೆ ಪೇಟೆಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆನ್ನೆಗೆ ಫಿಲ್ಲರ್ ಇಂಜೆಕ್ಷನ್ ಮಾಡಿಸಿಕೊಂಡು ಬಂದಿದ್ದಳು. ತಗ್ಗು ತುಂಬಿತ್ತು. ಆದರೆ ಸ್ವಲ್ಪ ದಿನದಲ್ಲಿ ತುಂಬಿದ್ದು ಕೆಳಗೆ ಸರಿದು ದವಡೆಯ ಹತ್ತಿರ ಗಂಟಾಗಿ ನಿಂತಿತು. ಮೇಲಿನ ತಗ್ಗು ಮತ್ತೆ ಕಾಣತೊಡಗಿತು. ಮೊದಲು ಮುಚ್ಚಿಕೊಳ್ಳಲು ಒಂದೇ ಇತ್ತು, ಈಗ ಎರಡಾದವು.

ಜೊತೆಗೆ ಹೆದರಿಕೆ ಬೇರೆ. ಇಂಥ ಮದ್ದು ರಕ್ತನಾಳದೊಳಗೆ ಹೋದರೆ ಕಣ್ಣೇ ಹೋಗಬಹುದೆಂದು ಮೊಬೈಲಿನಲ್ಲಿ ನೋಡಿ ನನಗೆ ಫೋನ್ ಹಚ್ಚಿ ಅತ್ತಿದ್ದಳು. ಹುಬ್ಬಳ್ಳಿಯಲ್ಲಿ ಒಬ್ಬ ಚರ್ಮದ ವೈದ್ಯೆ ಸ್ಕ್ಯಾನಿಂಗ್ ಮಾಡಿ, ಒಳಗೇನಿದೆ ನೋಡಿಕೊಂಡೇ ಸೂಜಿ ಹಾಕುತ್ತಾರೆಂದು ತಿಳಿದು, ಹೊತ್ತು ಗೊತ್ತು ಮಾಡಿಸಿದವಳು ನಾನೇ.

ಬಸ್ಸಿನಲ್ಲಿ ಇಬ್ಬರೂ ತೂಕಡಿಸಿದೆವು. ದವಾಖಾನೆಯ ಗೋಡೆಗೆ, ಸ್ಕ್ಯಾನಿಂಗ್ ಯಂತ್ರ ಇರುವಲ್ಲೆಲ್ಲ ಹಾಕುವಂತೆ, ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕ. ನಾದಿನಿ ಅದನ್ನು ಎರಡು ಸಲ ಓದಿದಳು.

"ವೈನಿ, ಇಲ್ಲಿ ಕುಂತವ್ರು ನನ್ನ ಹೊಟ್ಟಿ ನೋಡಿ ಏನ ತಿಳ್ಕೋಬೇಕು?"

"ಅಜ್ಜಿ ಆಗೂ ಹೊತ್ತಿನ್ಯಾಗ ಧೈರ್ಯ ಮಾಡ್ಯಾಳ ಅಂತ ತಿಳ್ಕೋತಾರ."

ಅವಳು ನಕ್ಕು ನನ್ನ ತೋಳು ಚಿವುಟಿದಳು. ಆ ದಿನ ಅವಳು ನಕ್ಕಿದ್ದು ಅಷ್ಟೇ.

ಒಳಗೆ ವೈದ್ಯೆ ಅವಳನ್ನು ಮಲಗಿಸಿ, ಕೆನ್ನೆಗೆ ತಣ್ಣನೆಯ ಜೆಲ್ ಹಚ್ಚಿ, ಚಿಕ್ಕ ಕಡ್ಡಿಯಂಥ ಉಪಕರಣವನ್ನು ಮೆತ್ತಗೆ ಆಡಿಸತೊಡಗಿದರು. ಪರದೆಯ ಮೇಲೆ ಬೂದು ಪಟ್ಟೆಗಳು ಮೂಡಿದವು. ಬಣ್ಣ ಹೋದ ಹಳೆಯ ಜಮಖಾನೆಯನ್ನು ಅಡ್ಡ ಹಿಡಿದಂತೆ. ಚರ್ಮ, ಕೊಬ್ಬು, ಸ್ನಾಯು ಎಂದು ತೋರಿಸಿದರು. ದವಡೆಯ ಹತ್ತಿರ ಪಟ್ಟೆಗಳ ನಡುವೆ ಒಂದು ಕಪ್ಪು ಮಡು. ಒಂದು ಗುಂಡಿ ಒತ್ತಿದರು. ಮಡುವಿನ ಮಗ್ಗುಲಲ್ಲೇ ಕೆಂಪು, ನೀಲಿ ಮಿಣುಕಿದವು.

ಅವರ ಮಾತಿನಲ್ಲಿ ಅರ್ಧ ಇಂಗ್ಲಿಷು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ನನ್ನ ಇಂಗ್ಲಿಷ್ ಮಕ್ಕಳ ಹೋಂವರ್ಕ್ ಮುಗಿದ ಮೇಲೆ ಮೂಲೆ ಸೇರಿತ್ತು. ಅದನ್ನು ಎಬ್ಬಿಸಿ, ಒಂದೊಂದೇ ಮಾತನ್ನು ನಾದಿನಿಗೆ ಇಳಿಸಿ ಹೇಳಿದೆ. ಕಪ್ಪಗಿರುವುದು ಹಳೆಯ ಫಿಲ್ಲರು. ಮಿಣುಕುವುದು ರಕ್ತನಾಳ. ಪುಸ್ತಕದ ಚಿತ್ರದಲ್ಲಿ ನಾಳ ಒಂದು ಕಡೆ ಇರುತ್ತದೆ, ಮನುಷ್ಯರ ಮುಖದಲ್ಲಿ ತನ್ನದೇ ದಾರಿ ಹಿಡಿದಿರುತ್ತದೆ. ಇವಳದ್ದು ತಗ್ಗಿನ ಕೆಳಗೆ, ಚರ್ಮಕ್ಕೆ ಬಹಳ ಹತ್ತಿರದಲ್ಲಿ ಹಾದುಹೋಗಿದೆ.

"ಹಂಗಾರ ಅವತ್ತ ಪಾರ್ಲರಿನ್ಯಾಗ ಸೂಜಿ ಸ್ವಲ್ಪ ಅತ್ಲಾಗ ಸರದಿದ್ರ?" ಎಂದಳು ನಾದಿನಿ.

ವೈದ್ಯೆ ಉಪಕರಣವನ್ನು ಇನ್ನೊಮ್ಮೆ ಆ ಮಿಣುಕಿನ ಮೇಲೆ ಆಡಿಸಿದರು.

ಆಮೇಲೆ ಅವರೇ ಕೇಳಿದರು. "ಮದ್ದು ಇಷ್ಟು ಕೆಳಗೆ ಹೆಂಗ ಬಂತು? ಇಂಜೆಕ್ಷನ್ ಆದಮ್ಯಾಲೆ ಗಲ್ಲ ತಿಕ್ಕಿದ್ರೇನ್ರಿ? ಮಸಾಜ್ ಮಾಡಿಸ್ಕೊಂಡ್ರೇನು?"

"ಇಲ್ರಿ. ಮಾರಿ ಸುದ್ದಾ ಹಗೂರಕ ತೊಳ್ಕೋತಿದ್ನಿರಿ."

ಹೇಳುತ್ತ ಹೇಳುತ್ತ ನನ್ನ ಕಡೆ ನೋಡಿದಳು. ನನಗೂ ಆಗಲೇ ನೆನಪಾಯಿತು. ಇಂಜೆಕ್ಷನ್ ಮಾಡಿಸಿದ ಮರುದಿನವೇ ಬಳಗದಲ್ಲಿ ಕುಬಸದ ಕಾರ್ಯ. ಬಸುರಿಗೆ ಉಡಿ ತುಂಬಿದ ಮೇಲೆ ಬಂದ ಮುತ್ತೈದೆಯರೆಲ್ಲ ಒಬ್ಬರಿಗೊಬ್ಬರು ಅರಿಷಿಣ ಹಚ್ಚುವುದು. ನಮ್ಮ ಕಡೆ ಬೆರಳ ತುದಿಯಲ್ಲಿ ಮುಟ್ಟಿಸಿ ಬಿಡುವುದಿಲ್ಲ. ಎರಡೂ ಅಂಗೈಗೆ ತೊಯ್ದ ಅರಿಷಿಣ ಬಳಿದುಕೊಂಡು, ಕೆನ್ನೆಯ ಮೇಲಿನಿಂದ ದವಡೆಯವರೆಗೆ ಒತ್ತಿ ಎಳೆಯುತ್ತಾರೆ. ಪ್ರೀತಿ ಹೆಚ್ಚಿದಷ್ಟೂ ಒತ್ತು ಹೆಚ್ಚು. ಅವಳು ಸಾಲಿನಲ್ಲಿ ಕೂತು, ಬಂದವರಿಗೆಲ್ಲ ಮುಖ ಒಡ್ಡಿದ್ದಳು. ಒಲ್ಲೆನೆನ್ನಲು ಬರುತ್ತದೆಯೇ? ಗಂಡನಿರುವ ಹೆಂಗಸು ಕೆನ್ನೆಗೆ ಅರಿಷಿಣ ಬೇಡವೆಂದರೆ ಜನ ಅದಕ್ಕೆ ಏನೇನೋ ಅರ್ಥ ಹಚ್ಚುತ್ತಾರೆ.

ನಾನು ಇದನ್ನೆಲ್ಲ ಹೇಳಿದಾಗ ವೈದ್ಯೆ ನಗಲಿಲ್ಲ. ಹಣೆ ತಿಕ್ಕಿಕೊಂಡರು, ಅಷ್ಟೇ. ಅವರೂ ದಣಿದಿದ್ದರು.

ಫಿಲ್ಲರು ಕರಗಿಸುವ ಔಷಧಿಯನ್ನು ಮೊದಲು ಕೈಗೆ ಚುಚ್ಚಿ ಮೈಗೆ ಒಗ್ಗುತ್ತದೆಯೇ ನೋಡಿ, ಆಮೇಲೆ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಲೇ ಆ ಕಪ್ಪು ಮಡುವಿಗೆ ಬಿಟ್ಟರು. ತಗ್ಗನ್ನು ಮಾತ್ರ ಈಗ ತುಂಬುವಂತಿಲ್ಲ. ಕೆಲವು ವಾರ ಕಳೆಯಲಿ, ಮತ್ತೆ ಸ್ಕ್ಯಾನ್ ಮಾಡಿ ನೋಡೋಣ. ನಿಶ್ಚಯಕ್ಕೆ ಆದೀತೋ ಇಲ್ಲವೋ ಹೇಳಲಾರೆ ಎಂದರು. ನೋಡಿ ಹಾಕಿದರೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ ಎಂದೂ ಹೇಳಿದರು. ಅಲ್ಲಿಯವರೆಗೆ ಕೆನ್ನೆಯನ್ನು ಯಾರೂ ಒತ್ತಬಾರದು.

ತಿರುಗಿ ಬರುವಾಗ ಅವಳು ಸೀಟು ಹುಡುಕಲಿಲ್ಲ, ಸಿಕ್ಕಲ್ಲಿ ಕೂತಳು. "ಕಣ್ಣರ ಉಳೀತಲ್ಲ ವೈನಿ," ಎಂದಳು ಒಮ್ಮೆ. ಸ್ವಲ್ಪ ದೂರ ಹೋದ ಮೇಲೆ, "ಬೀಗರ ಮುಂದ ಹಿಂಗ ಕೂಡೂದು," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ನಾನು ಅವಳ ಕೈಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಮನೆಗೆ ಬಂದು ಕಾಲು ಚಾಚಿದ್ದೆವು, ಅಷ್ಟರಲ್ಲಿ ಬಾಜೂ ಮನೆಯ ಹಿರಿಯಾಕೆ ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದರು. ಅವರ ಸೊಸೆಯ ಕುಬಸಕ್ಕೆ ಕರೆಯಲು. ನನಗೆ ಹಚ್ಚಿ, ಅದೇ ಅಂಗೈಗಳನ್ನು ನಾದಿನಿಯ ಮುಖದತ್ತ ತಂದರು. ಅವಳು ಕೂತಲ್ಲೇ ಹಿಂದೆ ಸರಿದಳು.

"ಅಕಿ ಹಲ್ಲಿಗೆ ಔಷಧ ಹಾಕ್ಯಾರ್ರೀ, ಗಲ್ಲ ಮುಟ್ಟಬ್ಯಾಡ್ರಿ," ಎಂದೆ.

"ಅರಿಷಿಣಕ್ಕ ಒಲ್ಲೆ ಅನಬಾರದಬೇ," ಎಂದರು ಅತ್ತೆ ಮೂಲೆಯಿಂದ.

"ಒಲ್ಲೆ ಅಂದಾಳೇನ್ರಿ ಅಕಿ? ಕಾಲ ಚಾಚವಾ ತಂಗಿ," ಎಂದು ಆಕೆ ನೆಲಕ್ಕೆ ಕೂತು, ನಾದಿನಿಯ ಎರಡೂ ಪಾದಗಳಿಗೆ ಅದೇ ಒತ್ತಿನಿಂದ ಅರಿಷಿಣ ಬಳಿದರು. ಹಣೆಗೆ ಕುಂಕುಮ ಇಟ್ಟರು. ನಾದಿನಿ ಹಳದಿಯಾದ ತನ್ನ ಕಾಲನ್ನೇ ನೋಡುತ್ತಿದ್ದಳು. ಸೆರಗು ಜಾರಿದ್ದು ಅವಳ ಗಮನಕ್ಕೆ ಬಂದಿರಲಿಲ್ಲ. ಬಾಗಿಲಿನ ಬೆಳಕು ನೇರ ಆ ಎಡಗೆನ್ನೆಯ ಮೇಲೆಯೇ ಬಿದ್ದಿತ್ತು.

ಆಕೆ ಮೊಣಕಾಲಿಗೆ ಕೈಯೂರಿ ಎದ್ದು, ಚಪ್ಪಲಿ ಮೆಟ್ಟುತ್ತ, ಅವಳ ಮುಖವನ್ನೊಮ್ಮೆ ನೋಡಿದರು.

"ಅಂದಂಗ ಯಾವ ಬಾಜೂದ ಹಲ್ಲವಾ ಅದು? ಮಾರಿ ನೋಡಿದ್ರ ಏನೂ ಗೊತ್ತಾಗವಲ್ದು."