ಒಂಟೆಯ ಮುಂದಿನ ಕಾಲಾಳು

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ಒಂದಷ್ಟು ತಿಂಗಳ ಕಾಲ, ಭಾನುವಾರ ಬಂತೆಂದರೆ ನಾನು ನಂಜನಗೂಡಿನಿಂದ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ, ಮಾವನವರ ಎದುರು ಚೆಸ್ಸಿನಲ್ಲಿ ಸೋತು ಬರುತ್ತಿದ್ದೆ. ಹೋಗುತ್ತಿದ್ದದ್ದು ಹೆಂಡತಿಯನ್ನು ಮನೆಗೆ ಕರೆಯಲು. ಆಗುತ್ತಿದ್ದದ್ದು ಇದು.

ಮೊದಲ ಹೆರಿಗೆಗೆಂದು ಅವಳು ತವರಿಗೆ ಹೋಗಿದ್ದಳು. ಮಗು ಹುಟ್ಟಿ ಕೆಲವು ದಿನ ಇತ್ತು, ಆಮೇಲೆ ಇರಲಿಲ್ಲ. ಇದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಮಗು ಇದ್ದರೆ ಎಲ್ಲಕ್ಕೂ ಒಂದು ಕ್ರಮವಿದೆ. ಬಾಣಂತನ ಮುಗಿದ ಮೇಲೆ ಗಂಡನ ಕಡೆಯವರು ಹೋಗಬೇಕು, ಸೀರೆ ಕುಬಸ ಇಡಬೇಕು, ಒಳ್ಳೆಯ ದಿನ ನೋಡಿ ತಾಯಿ ಮಗು ಇಬ್ಬರನ್ನೂ ಕರೆತರಬೇಕು. ಮಗುವಿಲ್ಲದ ಬಾಣಂತಿಯನ್ನು ಯಾರು, ಯಾವಾಗ, ಏನೆಂದು ಕರೆಯಬೇಕು ಎನ್ನುವುದಕ್ಕೆ ನಮ್ಮಲ್ಲಿ ಶಾಸ್ತ್ರವೇ ಇಲ್ಲ. ಅಮ್ಮನನ್ನು ಕೇಳಿದರೆ, ಅವರೇ ಕಳಿಸ್ತಾರೆ ಕಣೋ ಸುಮ್ನಿರು ಎಂದರು. ನಾನು ಕೇಳಿದರೆ 'ಇಷ್ಟು ಬೇಗ ಬೇಕಾಯ್ತಾ' ಎಂದುಕೊಂಡಾರು. ಕೇಳದಿದ್ದರೆ 'ಬೇಡವಾದಳಾ' ಎಂದುಕೊಂಡಾರು. ಹೀಗೆ ಎರಡೂ ಕಡೆಯಿಂದ ಚಿಂತೆ ಮಾಡುವುದರಲ್ಲಿ ನಾನು ಹುಟ್ಟಾ ನಿಪುಣ. ಬಸ್ಸು ಓಡಿದರೆ ಬ್ರೇಕಿನ ಚಿಂತೆ, ನಿಂತರೆ ಇಂಜಿನ್ನಿನ ಚಿಂತೆ. ಆದರೆ ಆ ದಿನಗಳಲ್ಲಿ ಚಿಂತೆ ಮಾತ್ರ ಇತ್ತು, ಅದರ ಕೆಳಗೆ ಏನೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ.

ಮಾವನವರಿಗೆ ನಾಲೆ ಬಯಲಲ್ಲಿ ಗದ್ದೆ, ಕೊಟ್ಟಿಗೆಯಲ್ಲಿ ಸೀಮೆಹಸು. ಮೊಮ್ಮಗುವಿನ ವಿಷಯ ಅವರೂ ಎತ್ತುತ್ತಿರಲಿಲ್ಲ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಜಗಲಿಯ ಮೇಲೆ ಚೆಸ್ ಬೋರ್ಡು ಬಂದಿರುತ್ತಿತ್ತು. ಬಿಳಿ ಹಿರಿಯರಿಗೆ, ಕರಿ ಅಳಿಯನಿಗೆ, ಇದರಲ್ಲಿ ಚರ್ಚೆಯಿಲ್ಲ. ಅವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದರೆ ನಾನೂ ಎರಡು ಮನೆ ನೂಕುತ್ತಿದ್ದೆ. ಅವರು ಕುದುರೆ ಇಳಿಸಿದರೆ ನಾನೂ ಕುದುರೆ. ಕನ್ನಡಿಯ ಹಾಗೆ ಆಡಿದರೆ ತಪ್ಪಾಗುವುದಿಲ್ಲ ಎಂಬ ಲೆಕ್ಕ. ಕನ್ನಡಿ ಯಾವಾಗಲೂ ಒಂದು ನಡೆ ಹಿಂದಿರುತ್ತದೆ ಎನ್ನುವುದು ಹೊಳೆದಿರಲಿಲ್ಲ. ಸೋತ ಮೇಲೆ ಅವಳು ಕಾಫಿ ತಂದಿಡುವಳು. ಸಕ್ಕರೆ ಸಾಕಾ ಎನ್ನುವಳು, ಸಾಕು ಎನ್ನುವೆ. ಲೋಟ ಖಾಲಿಯಾದರೆ ಬಸ್ಸಿನ ಹೊತ್ತು.

ಅದ್ಯಾಕೋ ನನ್ನ ತಲೆಯಲ್ಲಿ ಒಂದು ಕೂತುಬಿಟ್ಟಿತು: ಒಂದು ಆಟ ಗೆದ್ದರೆ, ಗೆದ್ದ ಬಿಸಿಯಲ್ಲೇ ಮಾವನನ್ನು ಕೇಳಿಬಿಡಬಹುದು.

ಆಗ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಕಾಲೇಜಿನಲ್ಲಿ ಚೆಸ್ ಆಡಿ ಕಪ್ ಗೆದ್ದವನು, ಅದನ್ನು ದಿನಕ್ಕೊಮ್ಮೆಯಾದರೂ ನೆನಪಿಸದೆ ಬಿಡದವನು. ಕರಿ ಕಾಯಿಯಲ್ಲಿ ಗೆಲ್ಲುವುದು ಹೇಗಪ್ಪಾ ಎಂದು ಕೇಳಿದೆ. ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೇಜಿನ ಮೇಲೆ ಪಾಠ ಶುರುವಾಯಿತು. ಸಿಸಿಲಿಯನ್ ಅಂತ ಅದರ ಹೆಸರು, ಅದರಲ್ಲೂ ಡ್ರ್ಯಾಗನ್ ಎಂಬ ಕವಲು. ಬಿಳಿಯವರು ರಾಜನ ಕಾಲಾಳನ್ನು ನಡುವಿಗೆ ತಂದರೆ ಎದುರಿಗೆ ಹೋಗಿ ನಿಲ್ಲಬಾರದು. ಮಂತ್ರಿಯ ಕಡೆಯ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ಎಸೆದು ಪಕ್ಕದಿಂದ ಕೆಣಕಬೇಕು. ಇನ್ನೊಂದು ಒಂಟೆಯನ್ನು ರಾಜನ ಪಕ್ಕದ ಮೂಲೆಗೆ ಕೂರಿಸಿದರೆ, ಅಲ್ಲಿಂದ ಅದು ಇಡೀ ಬೋರ್ಡನ್ನು ಓರೆಯಾಗಿ ದುರುಗುಟ್ಟಿಕೊಂಡಿರುತ್ತದೆ. ಆಮೇಲೆ ಅವರು ನಮ್ಮ ರಾಜನ ಮೇಲೆ, ನಾವು ಅವರ ರಾಜನ ಮೇಲೆ. ಯಾರು ಮೊದಲು ಮುಟ್ಟುತ್ತಾರೆ ಎನ್ನುವುದಷ್ಟೇ.

ಕುದುರೆಗೆ ಆನೆ ಕೊಟ್ಟುಬಿಡಿ ಎಂದರೆ ನನ್ನ ಕೈ ಏಳುತ್ತಿರಲಿಲ್ಲ; ಸ್ಟೋರ್ಸಿನವನಿಗೆ ಇಂಡೆಂಟ್ ಚೀಟಿಯಿಲ್ಲದೆ ಒಂದು ಬೋಲ್ಟು ಕೊಟ್ಟು ಗೊತ್ತಿಲ್ಲ. "ನಿಮ್ ರಾಜ ಸಾಯೋದಕ್ಕೆ ಮುಂಚೆ ನೀವೇ ಸಾಯ್ತೀರಲ್ಲ ಸಾರ್," ಎಂದ ಆತ. ಆದರೂ ಬಿಡಲಿಲ್ಲ. ಎದುರಾಳಿ ಹೀಗೆ ಬಂದರೆ ಹಾಗೆ, ಹಾಗೆ ಬಂದರೆ ಹೀಗೆ ಎಂದು ಬಾಯಿಪಾಠ ಮಾಡಿಸಿದ. ಇಲ್ಲೂ ನನಗೆ ಸಂತೋಷವಾಗಲೀ ಹುರುಪಾಗಲೀ ಇರಲಿಲ್ಲ. ಮಗ್ಗಿ ಕಲಿತ ಹಾಗೆ ಕಲಿತೆ.

ಆ ಭಾನುವಾರ ಮಾವ ಎಂದಿನಂತೆ ರಾಜನ ಕಾಲಾಳನ್ನು ಎರಡು ಮನೆ ನೂಕಿದರು. ನಾನು ಕಲಿತ ಹಾಗೆ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ಇಟ್ಟೆ. ಮಾವ ಅದನ್ನು ಒಂದು ಗಳಿಗೆ ನೋಡಿ, ತೋರುಬೆರಳಿನಿಂದ ಮೆಲ್ಲಗೆ ಒಂದು ಮನೆ ಹಿಂದಕ್ಕೆ ತಳ್ಳಿದರು.

"ಅದು ಒಂದೇ ಮನೆ, ಅಳಿಯಂದ್ರೇ."

ಇಲ್ಲ ಮಾವ, ಎರಡು ಹೋಗುತ್ತೆ, ಪುಸ್ತಕದಲ್ಲೂ ಹಾಗೇ ಇದೆ ಎಂದೆ.

"ರಾಜಂದು ಮಂತ್ರಿದು ಎರಡು ಓಗ್ತವೆ. ಒಂಟೆ ಮುಂದಿಂದು ಒಂದೇಯ. ನಮ್ಮಪ್ಪನ ಕಾಲದಿಂದ ಇಂಗೇ ಆಡ್ತಿರೋದು."

ಅಷ್ಟು ಭಾನುವಾರ ಅವರನ್ನೇ ನಕಲು ಮಾಡಿದವನಿಗೆ ಈ ಕಾನೂನು ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಒಂದೇ ಮನೆ ನೂಕುವುದೂ ಒಂದು ಹೆಸರುವಾಸಿ ಆರಂಭವಂತೆ, ಬಲು ಜಾಗರೂಕರು ಆಡುವುದಂತೆ. ಮಾರನೆಯ ದಿನ ಕ್ಯಾಂಟೀನಿನ ಗುರು ಹೇಳಿದ. ಮಾವನವರು ನನ್ನ ಕಾಲಾಳನ್ನು ನನಗೆ ತಕ್ಕ ಮನೆಯಲ್ಲೇ ಇಟ್ಟಿದ್ದರು.

ಆದರೆ ಆ ಹೊತ್ತಿಗೆ ಬಾಯಿಪಾಠವೆಲ್ಲ ಮೊದಲ ನಡೆಯಲ್ಲೇ ಮುಗಿದುಹೋಗಿತ್ತು. ಮುಂದೆ ಕೈ ಎಲ್ಲಿ ಹೋಯಿತೋ ಅಲ್ಲಿ ಆಡಿದೆ. ಒಂದು ಕುದುರೆ ಹೋಯಿತು, ಒಂದು ಆನೆ ಹೋಯಿತು. ಏನೂ ಅನ್ನಿಸಲಿಲ್ಲ. ಒಳಗೆ ಬಿಂದಿಗೆ ಇಟ್ಟ ಸದ್ದಾಯಿತು. ಮಾವ ಮಂತ್ರಿಯನ್ನು ಮುಂದಕ್ಕೆ ತಂದು, ಮೀಸೆ ಒರೆಸಿಕೊಂಡು, "ಈಗೇನ್ ಮಾಡ್ತೀರಿ?" ಎಂದರು.

"ಕರ್ಕೊಂಡು ಹೋಗ್ತೀನಿ."

ಅವರು ಬೋರ್ಡು ನೋಡಿದರು. "ಯಾವುದನ್ನ?"

"ಅವಳನ್ನ."

ಮಾವ ತಾವು ಹೊಡೆದ ನನ್ನ ಕುದುರೆ, ಆನೆಗಳನ್ನು ಬೋರ್ಡಿನ ಪಕ್ಕ ಸಾಲಾಗಿ ನಿಲ್ಲಿಸಿದರು. ಆಮೇಲೆ, "ನನ್ನ ಯಾಕ್ ಕೇಳ್ತೀರಿ? ನಾನೇನ್ ಇಡ್ಕಂಡಿದ್ದೀನಾ? ಒಳಗವಳೆ, ಓಗಿ ಕೇಳಿ," ಎಂದರು. ಬೇಜಾರಿತ್ತೋ ಸಮಾಧಾನವಿತ್ತೋ, ನನಗೆ ಗೊತ್ತಾಗಲಿಲ್ಲ.

ಅವಳು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬರ್ತೀಯಾ ಎಂದೆ. ಎಲ್ಲಿಗೆ ಎಂದಳು. ಮನೆಗೆ ಎಂದೆ. ಕೈಯಲ್ಲಿದ್ದ ಟವೆಲನ್ನು ಅವಳು ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು.

"ನೀವು ಅಪ್ಪನ ಜೊತೆ ಚೆಸ್ ಆಡೋಕೆ ಬರ್ತೀರ ಅಂದ್ಕೊಂಡಿದ್ದೆ," ಎಂದಳು. "ಅಮ್ಮನೂ ಹಂಗೇ ಅಂತಿತ್ತು. ಪಾಪ, ಆಟದ ಹುಚ್ಚು, ಆಡ್ಕೊಂಡು ಹೋಗ್ಲಿ ಅಂತ."

ನಗುವ ಮಾತೇ. ಇಬ್ಬರಿಗೂ ನಗು ಬರಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಅತ್ತೆ ಮಡಿಲಿಗೆ ಅಕ್ಕಿ ಹಾಕಲೋ ಬೇಡವೋ ಎಂದು ಬಾಗಿಲಲ್ಲಿ ನಿಂತೇ ಯೋಚಿಸಿ, ಕೊನೆಗೆ ಒಂದು ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈಚೆಗೆ ನಾನು. ಊರು ದಾಟಿ ಗದ್ದೆಗಳು ಶುರುವಾದ ಮೇಲೆ ಹೊರಗೆ ನೋಡುತ್ತಲೇ, "ನಂಗಿನ್ನೂ ಅಳು ಬಂದಿಲ್ಲ ಕಣ್ರೀ," ಎಂದಳು.

"ನಂಗೂ."

ಅವಳು ತಿರುಗಿ ನನ್ನ ಮುಖ ನೋಡಿದಳು, ಸುಳ್ಳೇನೋ ಎಂದು ಪರೀಕ್ಷಿಸುವ ಹಾಗೆ. ಆಮೇಲೆ ಅಕ್ಕಿಯ ಚೀಲವನ್ನು ತನ್ನ ಮಡಿಲಿಂದ ಎತ್ತಿ ನನ್ನ ತೊಡೆಯ ಮೇಲಿಟ್ಟು, ಭಾರ ಇದೆ, ಸ್ವಲ್ಪ ಹೊತ್ತು ನೀವು ಇಟ್ಕೊಳ್ಳಿ ಎಂದಳು.