ನ್ಯಾಮಿಜಿ ಅಜ್ಜಿಯ ಒಂಟಿ ಕಾಂಗಾಗಳು

ಬೆಳಗಿನ ಆರು ಗಂಟೆ. ಮ್ವಾಂಜಾ ಊರಿನ ಬಂಡೆಗುಡ್ಡದ ಮನೆಗಳಿಗೆ ಸರೋವರದ ಕಡೆಯಿಂದ ಒಣಮೀನಿನ ವಾಸನೆ ಏರಿ ಬರುತ್ತಿದೆ. ನ್ಯಾಮಿಜಿ ಅಜ್ಜಿ ಅಂಗಳದ ಮಣೆಯ ಮೇಲೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದಾರೆ. ಪಕ್ಕದ ಪಂಜರದಲ್ಲಿ ಹಸಿರು ಮೈಯ, ಕಿತ್ತಳೆ ಮುಖದ ಲವ್‌ಬರ್ಡ್ ಒಂದಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲದವರಂತಿದ್ದಾರೆ. ಹಕ್ಕಿಗೆ ನಟನೆ ಅಷ್ಟಾಗಿ ಬರುವುದಿಲ್ಲ, ಆಗಾಗ ಬಟ್ಟಲಿನ ಕಡೆ ಕಣ್ಣು ಹಾಯಿಸುತ್ತದೆ.

"ಮೊದಲನೇ ವಾರ ಇಷ್ಟೇ ಕೆಲಸ. ನಾನು ಗಂಜಿ ಕುಡಿಯೋದು, ಅದು ನೋಡೋದು. ಇದನ್ನ ನೋಡ್ಕೊಂಡು ಕೂರೋಕೆ ನಿಂಗೆ ಪೇಪರ್‌ನೋರು ಸಂಬಳ ಬೇರೆ ಕೊಡ್ತಾರಾ?" ಎಂದು ನನ್ನನ್ನು ಕೇಳುತ್ತಾರೆ.

ಅಜ್ಜಿ ಹೊದ್ದಿರುವ ಹಳದಿ ಕಾಂಗಾ ಅವರದಲ್ಲ. ಇಲ್ಲಿ ಕಾಂಗಾ ಬಟ್ಟೆ ಯಾವಾಗಲೂ ಜೋಡಿಯಾಗಿಯೇ ಬರುತ್ತದೆ, ಒಂದೇ ಚಿತ್ತಾರದ ಎರಡು ತುಂಡು. ಪಳಗಿಸಲು ಹಕ್ಕಿ ತರುವವರು ಜೋಡಿಯಲ್ಲಿ ಒಂದನ್ನು ಅಜ್ಜಿಗೆ ಕೊಡಬೇಕು, ಇನ್ನೊಂದನ್ನು ತಾವು ಇಟ್ಟುಕೊಳ್ಳಬೇಕು. ನಲವತ್ತು ದಿನ, ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತೇ ನಿಮಿಷ. ಅಜ್ಜಿ ಆ ಕಾಂಗಾ ಹೊದ್ದೇ ಪಂಜರದ ಬಳಿ ಬರುತ್ತಾರೆ. ಅಂಗೈಯಲ್ಲಿ ನವಣೆ ಹಿಡಿಯುತ್ತಾರೆ, ಬೆರಳನ್ನು ಹಕ್ಕಿಯ ಹೊಟ್ಟೆಗೆ ಮೆಲ್ಲಗೆ ಒತ್ತಿ ಅದನ್ನು ಬೆರಳ ಮೇಲೆ ಹತ್ತಿಸಿಕೊಳ್ಳುತ್ತಾರೆ. ಕಚ್ಚಿದರೂ ಕೈ ಹಿಂದೆ ತೆಗೆಯುವುದಿಲ್ಲ. ತೆಗೆದರೆ, ಕಚ್ಚಿದರೆ ಕೆಲಸವಾಗುತ್ತದೆ ಎಂದು ಅದು ಕಲಿತುಬಿಡುತ್ತದಂತೆ. ನಲವತ್ತನೇ ದಿನ ಮನೆಯವರು ಇನ್ನೊಂದು ತುಂಡು ಹೊದ್ದು ಬರುತ್ತಾರೆ, ಹಕ್ಕಿ ಹಾರಿ ಆ ಹೆಗಲಿಗೆ ಹೋಗುತ್ತದೆ. ಅಜ್ಜಿ ತಮ್ಮ ತುಂಡು ಮಡಿಸಿ ತಗಡಿನ ಪೆಟ್ಟಿಗೆಗೆ ಹಾಕುತ್ತಾರೆ. ಆ ಹಕ್ಕಿಯನ್ನು ಮತ್ತೆ ನೋಡಲು ಹೋಗುವುದಿಲ್ಲ.

ಗಂಡಸರಾದರೆ ಒಂದೇ ಬಟ್ಟೆಯ ಎರಡು ಅಂಗಿ ಹೊಲಿಸಬೇಕು. ತಾವು ಲಾರಿ ಚಾಲಕನೊಬ್ಬನ ಅಂಗಿ ತೊಟ್ಟು ಓಡಾಡಿದ ನಲವತ್ತು ದಿನವೂ ಗಂಡ ತಮ್ಮನ್ನು ಹೇಗೆ ಗೋಳುಹೊಯ್ದುಕೊಂಡರು ಎಂಬುದನ್ನು ಅಜ್ಜಿ ಈಗಲೂ ನಗುತ್ತಾ ಹೇಳುತ್ತಾರೆ. ಗಂಡ ಈಗಿಲ್ಲ, ನಗು ಇದೆ.

ಈ ವಿದ್ಯೆಯನ್ನು ಕಲಿಸಿದ್ದು ಹೊಟ್ಟೆಪಾಡು. ಹದಿನೆಂಟರ ವಯಸ್ಸಿನಲ್ಲಿ ಅಜ್ಜಿ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಯಜಮಾನಿ ಸಾಕಿದ ಹಕ್ಕಿ ಯಜಮಾನಿಯನ್ನು ಕಂಡರೆ ಪಂಜರದ ಮೂಲೆ ಸೇರುತ್ತಿತ್ತು, ಕಸ ಗುಡಿಸುವ ಹುಡುಗಿಯ ಹೆಗಲೇರುತ್ತಿತ್ತು. ಒಂದು ಬೆಳಿಗ್ಗೆ ಯಜಮಾನಿ ಕೆಲಸ ಬಿಡಿಸಿ ಕಳಿಸಿದರು. "ಆ ಹಕ್ಕಿ ನನ್ನ ಹಚ್ಕೊಂಡಿದ್ದೇ ನನ್ನ ಅನ್ನ ಕಿತ್ಕೊಳ್ತು. ಗೇಟಿನ ತನಕ ಅದರ ಕೂಗು ಕೇಳ್ತಿತ್ತು. ಪಾಪ, ಅದಕ್ಕೂ ಸಂಕಟ, ನಂಗೂ ಸಂಕಟ. ಅವತ್ತೇ ಅಂದ್ಕೊಂಡೆ, ಇನ್ನು ಯಾವ ಹಕ್ಕೀನೂ ನನ್ನ ಹಚ್ಕೋಬಾರದು, ಹಚ್ಕೊಂಡ್ರೆ ಬಟ್ಟೇನ ಹಚ್ಕೊಳ್ಳಲಿ ಅಂತ."

ಅದಾಗಿ ನಲವತ್ತೊಂದು ವರ್ಷ. ನಮ್ಮ ಹಕ್ಕಿಯನ್ನು ಪಳಗಿಸಲು ನನ್ನ ಅಮ್ಮ ಕೊಟ್ಟಿದ್ದ ನೀಲಿ ಕಾಂಗಾ ಕೂಡ ಆ ತಗಡಿನ ಪೆಟ್ಟಿಗೆಯಲ್ಲಿದೆ. ಅಜ್ಜಿ ತೆಗೆದು ತೋರಿಸಿದಾಗ ಅಮ್ಮನ ಹೆಗಲು, ಅದರ ಮೇಲೆ ಕೂತು ಕುಪ್ಪಸದ ಗುಂಡಿ ಕೀಳುತ್ತಿದ್ದ ನಮ್ಮ ಹಕ್ಕಿ, ಅಮ್ಮನ ಹುಸಿ ಬೈಗುಳ ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಬರೆಯುವುದನ್ನು ನಿಲ್ಲಿಸಿದೆ.

ಅಷ್ಟರಲ್ಲಿ ಲಿಮಿ ಎಂಬಾಕೆ ಪಂಜರ ಹಿಡಿದು ಬಂದು, ತಲೆ ಬಾಗಿಸಿ "ಶಿಕಮೋ, ಅಜ್ಜಿ" ಎಂದು ನಮಸ್ಕರಿಸಿದಳು. ಒಳಗೆ ಎದೆಯ ಪುಕ್ಕ ಕಿತ್ತುಕೊಂಡು ಬೋಳಾಗಿದ್ದ ಹಕ್ಕಿ. ಹೆಸರು ಪಿಲಿಪಿಲಿ, ಮೆಣಸಿನಕಾಯಿ ಎಂದರ್ಥ. ಹನ್ನೊಂದು ವರ್ಷದ ಹಿಂದೆ ಅಜ್ಜಿಯೇ ಇದನ್ನು ಲಿಮಿಯ ಅಮ್ಮನಿಗಾಗಿ ಪಳಗಿಸಿದ್ದರು. ಅಮ್ಮ ತೀರಿಹೋಗಿ ಆರು ವಾರ. ಅಂದಿನಿಂದ ಅದು ಪಂಜರ ಬಿಟ್ಟು ಬಂದಿಲ್ಲ, ಈಗೀಗ ಕಾಳನ್ನೂ ಮುಟ್ಟುತ್ತಿಲ್ಲ. ಅಮ್ಮನ ಕಾಂಗಾ ಎಲ್ಲಿ ಎಂದು ಅಜ್ಜಿ ಕೇಳಿದರು. ಅಮ್ಮನಿಗೇ ಹೊದಿಸಿ ಮಣ್ಣು ಮಾಡಿದೆವು ಎಂದಳು ಲಿಮಿ. "ಅಮ್ಮ ಅಂತೂ ಹೋದಳು ಅಜ್ಜಿ. ಇದೂ ಹೋದ್ರೆ ಮನೇಲಿ ಅವಳದು ಅಂತ ಏನಿರುತ್ತೆ?"

ಅಜ್ಜಿ ಪೆಟ್ಟಿಗೆಯ ತಳದಿಂದ ಅದರ ಜೋಡಿ ತುಂಡನ್ನು, ಗೇರುಹಣ್ಣಿನ ಚಿತ್ತಾರದ ಕೆಂಪು ಕಾಂಗಾವನ್ನು ಎಳೆದರು. ಅದನ್ನು ಬಿಸಿಲಿಗೆ ಹಿಡಿದು ಮುಖ ಸಣ್ಣ ಮಾಡಿಕೊಂಡರು. ಅಮ್ಮನದು ಒಗೆದೊಗೆದು ಮಾಸಿರುತ್ತದೆ, ಇದು ಹೊಸದರಂತೆ ಹೊಳೆಯುತ್ತಿದೆ, ಹಕ್ಕಿ ಗುರುತು ಹಿಡಿಯದೆ ಹೋದರೆ ತಮ್ಮಲ್ಲಿ ಬೇರೆ ಮದ್ದಿಲ್ಲ ಎಂದರು. ಲಿಮಿಗೆ ಹೊದಿಸಿ, ಪಂಜರದ ಬಾಗಿಲು ತೆರೆದು, ಕೈಗೆ ಗಂಜಿ ಕೊಟ್ಟು, ಆ ಕಡೆ ನೋಡಬೇಡ ಎಂದು ತಾಕೀತು ಮಾಡಿದರು.

ಗಂಜಿ ಆರಿತು. ಒಂಬತ್ತು ಗಂಟೆಯಾಯಿತು. ಲಿಮಿ ಒಳಗೊಳಗೇ ಅಳುತ್ತಿದ್ದಳು. ಪಿಲಿಪಿಲಿ ಬಾಗಿಲಿಗೆ ಬಂದು ಕೂತಿತು, ಹಿಂದೆ ಹೋಯಿತು, ಮತ್ತೆ ಬಂದಿತು. ಆಮೇಲೆ ಒಂದೇ ನೆಗೆತಕ್ಕೆ ಕೆಂಪು ಹೆಗಲೇರಿ, ಕಾಂಗಾದ ಮಡಿಕೆಯೊಳಗೆ ತಲೆ ತೂರಿಸಿಕೊಂಡಿತು.

ಲಿಮಿಯ ಬಟ್ಟಲಿನಿಂದ ಗಂಜಿ ಚೆಲ್ಲಿತು. ಕಾಂಗಾ ಇನ್ನು ಅವಳಲ್ಲೇ ಇರಲಿ ಎಂದರು ಅಜ್ಜಿ. ಪೆಟ್ಟಿಗೆಯಿಂದ ಒಂದು ತುಂಡು ಹೊರಗೆ ಹೋಗುವುದು ಇದೇ ಮೊದಲಂತೆ. ನಂತರ, ನೋಡೋಣ ಎನ್ನುವಂತೆ, ತಮ್ಮ ಬೆರಳನ್ನು ಹಕ್ಕಿಯ ಮುಂದೆ ಚಾಚಿದರು. ಪಿಲಿಪಿಲಿ ತಲೆ ಹೊರಗೆ ಹಾಕಿ ಕಚಕ್ಕನೆ ಕಚ್ಚಿತು. ಅಜ್ಜಿ ಕೈ ಹಿಂದೆ ತೆಗೆಯಲಿಲ್ಲ.

ಅದು ತಾನಾಗಿ ಬಿಟ್ಟ ಮೇಲೆ ರಕ್ತ ಜಿನುಗುವ ಬೆರಳನ್ನು ನನ್ನ ಮುಂದೆ ಹಿಡಿದರು. ಕಣ್ಣು ತುಂಬಿತ್ತು, ಮುಖದ ತುಂಬ ನಗು.

"ನಲವತ್ತು ದಿನ ಈ ಬೆರಳಿಂದಲೇ ತಿಂದಿತ್ತು. ಈಗ ನೋಡು, ನಾನು ಯಾರೋ ಏನೋ. ಬರ್ಕೊಳೋದಾದ್ರೆ ಇದನ್ನ ಬರ್ಕೋ."